ಎರಡು ಮೂತಿಯ ಗಾಡಿ

ನಮ್ಮ ಓಣಿಯಲ್ಲಿ ಮಚ್ಛೇಂದ್ರ ಪಾಲು ಮಾಡಿಕೊಟ್ಟ ಮನೆಗಳು ನಾಲ್ಕಿವೆ. ನಾಲ್ಕಕ್ಕೂ ಹಿಂಬದಿ ಎಂಬುದಿಲ್ಲ. ಯಾವ ಕಡೆಯಿಂದ ಸುತ್ತಿ ಬಂದರೂ ಒಂದು ತಲೆಬಾಗಿಲು, ಅದಕ್ಕೊಂದು ತೋರಣ, ಪಕ್ಕದಲ್ಲಿ ಯಜಮಾನನ ಹೆಸರಿನ ಹಲಗೆ. ಹೊಸ ಅಂಚೆಯವನು ಬಂದರೆ ಮೊದಲ ವಾರವೆಲ್ಲ ಮನೆಗಳನ್ನು ಪ್ರದಕ್ಷಿಣೆ ಹಾಕುತ್ತಿರುತ್ತಾನೆ.

ಇದರ ಗುಟ್ಟು ನನಗೆ ಗೊತ್ತು. ನಾನು ಮಚ್ಛೇಂದ್ರನ ಪಕ್ಕದ ಮನೆಯವನು, ಬೀದರದ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಅವನೆದುರಿನ ಕುರ್ಚಿಯಲ್ಲಿ ಕೂತು, ಹೋದ ವರ್ಷ ಅವನ ಜೊತೆಗೇ ನಿವೃತ್ತನಾದವನು. ಅಣ್ಣತಮ್ಮಂದಿರು ಬೇರೆಯಾಗುವಾಗ ಜನ ಅವನನ್ನು ಕರೆಯುತ್ತಾರೆ. ಅವನು ಮನೆಯ ನಡುವೆ ಸುಣ್ಣದ ಗೆರೆ ಎಳೆಯುತ್ತಾನೆ. ಆಮೇಲೆ ಅಣ್ಣನನ್ನು ಬದಿಗೆ ಕರೆದು ಕೈ ಹಿಡಿದು, ಮುಂಭಾಗ ನಿನ್ನದೇ, ಆದರೆ ತಮ್ಮನ ಮನಸ್ಸಿಗೆ ನೋವಾಗುತ್ತದೆ, ಬಾಯಿ ಬಿಡಬೇಡ ಎನ್ನುತ್ತಾನೆ. ಹತ್ತು ನಿಮಿಷ ಬಿಟ್ಟು ತಮ್ಮನ ಕೈ ಹಿಡಿದು ಅದನ್ನೇ ಹೇಳುತ್ತಾನೆ. ಇಬ್ಬರೂ ಗೆದ್ದವರ ಔದಾರ್ಯದಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಚಾ ಕುಡಿಯುತ್ತಾರೆ. ಮುಂದಿನ ವಾರ ಹಿಂದಿನ ಪಾಲು ಬಂದವನು ಹಿತ್ತಲ ಗೋಡೆ ಒಡೆದು ಬಾಗಿಲು ಇಟ್ಟುಕೊಂಡು, ಹಿಂದಿನ ಗಲ್ಲಿಯೇ ಊರಿನ ಮುಖ್ಯ ರಸ್ತೆ ಎಂದು ಸಾರುತ್ತಾನೆ. ಯಾರಿಗೂ ತಕರಾರಿಲ್ಲ. ಮನೆ ಎಂಬುದು ನಿಂತಲ್ಲೇ ನಿಂತಿರುವ ವಸ್ತುವಾದ್ದರಿಂದ ಈ ಪದ್ಧತಿ ನಲವತ್ತು ವರ್ಷ ಯಾವ ವಿಘ್ನವೂ ಇಲ್ಲದೆ ನಡೆಯಿತು. ಓಡುವ ವಸ್ತುವಿನ ಮೇಲೆ ಅದನ್ನು ಯಾರೂ ಪ್ರಯೋಗಿಸಿ ನೋಡಿರಲಿಲ್ಲ.

ಮಚ್ಛೇಂದ್ರನ ಒಬ್ಬಳೇ ಮಗಳು ಮಹಾಮಾಯಾ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಅವಳಿಗೂ ಅವಳ ಜೊತೆಯವರಿಗೂ ಒಂದು ಹುಚ್ಚು ಹತ್ತಿತ್ತು. ಪ್ರತಿ ಫೆಬ್ರುವರಿಯಲ್ಲಿ, ರಾಶಿ ಮುಗಿದ ಮೇಲೆ, ಔರಾದ ತಾಲೂಕಿನ ಎಕಂಬಾದ ಬಯಲಿನಲ್ಲಿ ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವ ಸ್ಪರ್ಧೆ ನಡೆಯುತ್ತದೆ. ಕೊಂಡು ತಂದ ಗಾಡಿ ನಡೆಯುವುದಿಲ್ಲ. ವಿದ್ಯಾರ್ಥಿಗಳೇ ಪೈಪು ಬಗ್ಗಿಸಿ, ಬೆಸೆದು, ಕಟ್ಟಿ ತರಬೇಕು. ಜಿಲ್ಲೆಗೆ ಒಂದೇ ಗಾಡಿ. ಹನ್ನೆರಡು ಕಿಲೋಮೀಟರನ್ನು ನಲವತ್ತು ನಿಮಿಷದೊಳಗೆ ಮುಗಿಸಿದ ಚಾಲಕರಿಗೆ ರಾಜ್ಯ ತಂಡದ ಆಯ್ಕೆಗೆ ಹೋಗುವ ಚೀಟಿ ಸಿಗುತ್ತದೆ. ನಮ್ಮ ಜಿಲ್ಲೆಯ ಹುಡುಗರು ಮೂರು ವರ್ಷ ಓಡಿಸಿ ಮೂರೂ ವರ್ಷ ಗಾಡಿಯನ್ನು ಹಳ್ಳದಲ್ಲಿ ಹೂತು ಬಸ್ಸಿನಲ್ಲಿ ವಾಪಸು ಬಂದಿದ್ದರು. ಈ ಸಲ ಜನವಾಡದ ನೇಗಿಲು ಹೊಡೆದ ಹೊಲದಲ್ಲಿ, ಹಳ್ಳದಿಂದ ಎತ್ತಿ ತಂದ ಹಳೆಯ ಗಾಡಿ ಇಟ್ಟುಕೊಂಡು ಪರೀಕ್ಷೆ ಮಾಡಿದಾಗ ಎಲ್ಲರಿಗಿಂತ ಬೇಗ ಓಡಿಸಿದವಳು ಮಹಾಮಾಯಾ. ಕಾಲೇಜು ಮುಗಿಯುವ ವರ್ಷ, ಇನ್ನೊಂದು ಅವಕಾಶವಿಲ್ಲ. ಆ ಚೀಟಿಗಾಗಿ ಅವಳು ಆರು ತಿಂಗಳಿಂದ ತೋಳಿಗೆ ಬಲ ಬರಲೆಂದು ಎರಡೆರಡು ಕೊಡ ನೀರು ಹಿಡಿದು ಮಹಡಿ ಹತ್ತಿಳಿಯುವುದನ್ನು ನಾನು ದಿನಾ ನೋಡುತ್ತಿದ್ದೆ.

ಮಹಾಮಾಯಾ ಓಡಿಸಬೇಕು ಎಂಬ ಒಂದು ಮಾತಿಗೆ ಎಲ್ಲರೂ ಒಪ್ಪಿದ್ದರು. ಉಳಿದದ್ದಕ್ಕೆಲ್ಲ ಜಗಳ. ತಂಡದಲ್ಲಿ ಎರಡು ಪಂಗಡ, ಎರಡು ಶೆಡ್ಡು. ಭಾಲ್ಕಿಯ ಶೆಡ್ಡಿಗೆ ಕಪಿಲ ಮುಖ್ಯಸ್ಥ. ಬೀದರದ ಶೆಡ್ಡಿಗೆ ರವಿಕಿರಣ. ಗಾಡಿಯ ಮುಂಭಾಗ ಹೇಗಿರಬೇಕು ಎಂಬುದರ ಮೇಲೆ ಇಬ್ಬರೂ ಮುಖ ನೋಡುವುದನ್ನು ಬಿಟ್ಟಿದ್ದರು.

ಕಪಿಲನ ಪ್ರಕಾರ ಮುಂದಿನ ಎರಡು ಗಾಲಿಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯಬೇಕು. ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿಗೆ ಆ ಸುದ್ದಿಯೇ ಮುಟ್ಟಬಾರದು. ಇಂಜಿನ್ ಹಿಂದೆ, ಬಲ ಹಿಂದಿನ ಎರಡು ಗಾಲಿಗೆ ಮಾತ್ರ. ಗಾಡಿ ಹಗುರ, ಬಯಲಿನಲ್ಲಿ ಬಾಣ. ರವಿಕಿರಣ ಎಕಂಬಾದಲ್ಲೇ ಹುಟ್ಟಿದವನು, ಕುರಿ ಸಾಕುವ ಮನೆತನದವನು, ಆ ಹಳ್ಳದ ಕೆಸರಿನಲ್ಲಿ ಎಷ್ಟು ಚಪ್ಪಲಿ ಕಳೆದಿದ್ದಾನೋ ಅವನಿಗೇ ಲೆಕ್ಕವಿಲ್ಲ. ಅವನ ಪ್ರಕಾರ ಮುಂದಿನ ಗಾಲಿಗಳ ನಡುವೆ ಒಂದೇ ಗಟ್ಟಿ ಆಕ್ಸಲ್ ಇರಬೇಕು. ಒಂದು ಗಾಲಿ ಎದ್ದರೆ ಅದೇ ಇನ್ನೊಂದನ್ನು ನೆಲಕ್ಕೆ ಒತ್ತಬೇಕು. ಇಂಜಿನ್ ಮುಂದೆ, ಬಲ ನಾಲ್ಕೂ ಗಾಲಿಗೆ. ಮೊದಲು ಎಕಂಬಾಕ್ಕೆ ಹೋಗಿ ನೆಲ ನೋಡೋಣ, ನೆಲ ಕೇಳಿದ್ದನ್ನು ಕೊಡೋಣ ಎಂದು ಮಹಾಮಾಯಾ ಎರಡು ಸಲ ಹೇಳಿದಳು. ಸಿದ್ಧಾಂತದ ಪ್ರಶ್ನೆ ಎದ್ದಿರುವಾಗ ನೆಲದ ಮಾತು ಯಾರಿಗೆ ಬೇಕು? ಅವಳ ಮಾತನ್ನು ಇಬ್ಬರೂ ಕೇಳಲಿಲ್ಲ.

ಒಂದು ಭಾನುವಾರ ಜಗಳ ಮಚ್ಛೇಂದ್ರನ ಮನೆಯ ಪಡಸಾಲೆಗೆ ಬಂತು. ಅವನ ಹೆಂಡತಿ ಕೌಸಲ್ಯಾಬಾಯಿ ಎಲ್ಲರಿಗೂ ಚುರುಮುರಿಗೆ ಒಗ್ಗರಣೆ ಹಾಕಿದ ಸುಸಲಾ ಕೊಟ್ಟಳು. ನಾನೂ ಇದ್ದೆ, ಸುಸಲಾ ಇದ್ದ ಕಡೆ ನಾನಿರುತ್ತೇನೆ. ಹುಡುಗರು ಕಾಗದ ಹರಡಿ ಆಕ್ಸಲ್, ಸಸ್ಪೆನ್ಷನ್ ಎಂದು ವಾದಿಸುತ್ತಿದ್ದರು. ತನ್ನದೇ ಮನೆಯಲ್ಲಿ ತನಗೆ ತಿಳಿಯದ ಮಾತು ನಡೆಯುವುದನ್ನು ಮಚ್ಛೇಂದ್ರ ಸ್ವಲ್ಪ ಹೊತ್ತು ಸಹಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಜೀಪಿನ ಮುಂದಿಂದು ನನಗೇನು ಹೇಳ್ತೀರ್ಯೋ. ಇಪ್ಪತ್ತು ವರ್ಷ ಸರಕಾರಿ ಜೀಪಿನಾಗ ಇಡೀ ಔರಾದ ತಾಲೂಕ ತಿರುಗೀನಿ ನಾ."

ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವನು ಕೂರುತ್ತಿದ್ದುದು ಜೀಪಿನ ಹಿಂದಿನ ಅಡ್ಡ ಹಲಗೆಯ ಮೇಲೆ, ತೊಡೆಯ ಮೇಲೆ ಫೈಲಿನ ಗಂಟು ಇಟ್ಟುಕೊಂಡು. ಎದುರಿನ ಹಲಗೆಯ ಮೇಲೆ ನಾನಿರುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ನೋಡಿದ್ದು ಸಾಹೇಬರ ಬೆನ್ನು ಮತ್ತು ಹಿಂದೆ ಏಳುವ ಧೂಳು. ಗಾಡಿ ನಡೆಸುವುದಿರಲಿ, ಮಚ್ಛೇಂದ್ರ ಸೈಕಲ್ಲನ್ನು ಸಹ ಕೈಹಿಡಿದು ನಡೆಸಿಕೊಂಡು ಹೋಗುವವನು. ಕೌಸಲ್ಯಾಬಾಯಿ ಚಾ ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ. ಹುಡುಗರು ಮಾತ್ರ ಬೆಪ್ಪಾಗಿ, ಕಾಕಾ ನಮಗೆ ಗೊತ್ತೇ ಇರಲಿಲ್ಲ ಎಂದು ಕಾಗದವನ್ನು ಅವನ ಮುಂದೆ ಸರಿಸಿದರು. ಮಚ್ಛೇಂದ್ರ ಅದನ್ನು ಗಂಭೀರವಾಗಿ ನೋಡಿದ. ತಲೆಕೆಳಗಾಗಿ ಹಿಡಿದಿದ್ದ.

ಆಮೇಲೆ ತೀರ್ಪು ಕೊಟ್ಟ. ಗಾಡಿಯನ್ನು ನಡುವೆ ಸರಿಯಾಗಿ ಎರಡು ಭಾಗ ಮಾಡುವುದು. ಅರ್ಧ ಭಾಲ್ಕಿಯವರು ಕಟ್ಟಲಿ, ಅರ್ಧ ಬೀದರದವರು. ಕೊನೆಗೆ ನಡುವೆ ಆರು ಬೋಲ್ಟು ಹಾಕಿ ಕೂಡಿಸಿದರಾಯಿತು. ಯಾರು ಯಾವ ಅರ್ಧ ಎಂಬುದನ್ನು ಒಬ್ಬೊಬ್ಬರಿಗೇ ಹೇಳುತ್ತೇನೆ ಎಂದು ಎದ್ದು, ಕಪಿಲನನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ರವಿಕಿರಣನನ್ನು ನೀರಿನ ತೊಟ್ಟಿಯ ಕಡೆ ಕರೆದ. ಅಷ್ಟರಲ್ಲಿ ನಾನು ಕೈ ತೊಳೆದು ಮನೆಗೆ ಬಂದಿದ್ದೆ, ತೊಟ್ಟಿ ನನ್ನ ಕಿಟಕಿಯ ಕೆಳಗೇ ಇರುವುದರಿಂದ ಆಮೇಲೆ ನಡೆದ ಅನಾಹುತದ ಮೊದಲ ಸಾಕ್ಷಿ ನಾನು.

"ಮುಂದಿಂದು ನೀನೇ ಕಟ್ಟು. ಹಿಂದಿಂದು ಅವರು ಕಟ್ತಾರ. ಆದ್ರ ಗೆದ್ದೀನಿ ಅಂತ ಅವರ ಮುಂದ ಅನಬ್ಯಾಡ. ಪಾಪ, ಮನಸ್ಸಿಗಿ ಹಚ್ಕೋತಾರ."

ಬೇವಿನ ಗಿಡದ ಕೆಳಗೂ ಇದೇ ಮಾತು ಎಂಬುದು ನನಗೆ ಆ ಕ್ಷಣವೇ ಹೊಳೆಯಬೇಕಿತ್ತು. ಆದರೆ ಸುಸಲಾ ತಿಂದ ಮೇಲೆ ನನ್ನ ತಲೆ ಅಷ್ಟು ಚುರುಕಾಗಿ ಓಡುವುದಿಲ್ಲ.

ಮುಂದಿನ ಮೂರು ವಾರ ಮಹಾಮಾಯಾ ತರಬೇತಿಗೆಂದು ಹೈದರಾಬಾದಿಗೆ ಹೋಗಿದ್ದಳು. ಇಲ್ಲಿ ಎರಡು ಶೆಡ್ಡುಗಳ ನಡುವೆ ಹಿಂದೆಂದೂ ಕಾಣದ ಸ್ನೇಹ ಹುಟ್ಟಿತು. ದಿನಾ ಫೋನು. ಕೂಡಿಸುವ ಪಟ್ಟಿ ನೆಲದಿಂದ ಎಷ್ಟು ಎತ್ತರ, ಎಷ್ಟು ಅಗಲ, ಬೋಲ್ಟಿನ ತೂತು ಎಲ್ಲೆಲ್ಲಿ ಎಂದು ಇಬ್ಬರೂ ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ಮಾತಾಡಿಕೊಂಡರು. ಮುಂಭಾಗದ ಮಾತು ಬಂದರೆ ಸಾಕು, ಸೋತವನಿಗೆ ನೋವಾಗದಿರಲೆಂದು ಇಬ್ಬರೂ ಹವಾಮಾನದ ಕಡೆ ಹೊರಳುತ್ತಿದ್ದರು. ಭಾಲ್ಕಿಯ ಹುಡುಗರಿಗೆ ಇಷ್ಟು ದೊಡ್ಡ ಮನಸ್ಸು ಇದೆಯೆಂದು ತಿಳಿದಿರಲಿಲ್ಲ ಎಂದು ರವಿಕಿರಣ ನನ್ನೆದುರೇ ಹೇಳಿದ. ಮಚ್ಛೇಂದ್ರ ಮೀಸೆ ಸವರಿಕೊಂಡ.

ಸ್ಪರ್ಧೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಎರಡೂ ಅರ್ಧಗಳು ಬೀದರದ ಅಬ್ದುಲ ಖಾದರನ ವೆಲ್ಡಿಂಗ್ ಅಂಗಡಿಗೆ ಬಂದವು. ಅಬ್ದುಲ ಖಾದರ ನಮ್ಮ ಊರಿನ ಅರ್ಧ ಕಿಟಕಿ, ಗೇಟುಗಳನ್ನು ಬೆಸೆದವನು. ಭಾಲ್ಕಿಯದು ಟ್ರಾಕ್ಟರಿನ ಟ್ರಾಲಿಯಲ್ಲಿ ತಾಡಪತ್ರಿ ಹೊದ್ದು ಬಂತು. ಬೀದರದ್ದೂ ತಾಡಪತ್ರಿ ಹೊದ್ದು ಕೂತಿತ್ತು. ನೋಡಲು ಅರ್ಧ ಓಣಿ ನೆರೆದಿತ್ತು. ಅಬ್ದುಲ ಖಾದರ ಒಂದರ ಹೊದಿಕೆ ತೆಗೆದ. ಸ್ಟೇರಿಂಗ್, ಸೀಟು, ತಮ್ಮಷ್ಟಕ್ಕೆ ತಾವು ಕುಣಿಯುವ ಎರಡು ಗಾಲಿ. ಜನ ಭಲೇ ಎಂದರು. ಇನ್ನೊಂದರ ಹೊದಿಕೆ ತೆಗೆದ. ಸ್ಟೇರಿಂಗ್, ಸೀಟು, ಇಂಜಿನ್, ಗಟ್ಟಿ ಆಕ್ಸಲ್ಲಿನ ಎರಡು ಗಾಲಿ. ಈ ಸಲ ಜನ ತಿರುಗಿ ಮೊದಲಿನದನ್ನೇ ಮತ್ತೆ ನೋಡಿದರು.

ಅಬ್ದುಲ ಖಾದರ ಎರಡನ್ನೂ ಒಂದು ಸುತ್ತು ಹಾಕಿದ. ಕನ್ನಡಕ ತೆಗೆದು ಅಂಗಿಯಿಂದ ಒರೆಸಿ ಹಾಕಿಕೊಂಡು ಇನ್ನೊಂದು ಸುತ್ತು ಹಾಕಿದ. ನಲವತ್ತು ವರ್ಷದ ಕಸುಬಿನಲ್ಲಿ ಅವನ ಮುಖ ಹಾಗೆ ಬಿಳಿಚಿಕೊಂಡದ್ದನ್ನು ನಾನು ಕಂಡಿರಲಿಲ್ಲ.

"ಮಚ್ಛೇಂದ್ರ ಸಾಬ್," ಎಂದು ಮೆಲ್ಲಗೆ ಕೇಳಿದ, "ಇದರ ಹಿಂದಿಂದು ಯಾರ ಬಲ್ಲಿ ಅದರಿ?"

ಕಪಿಲ ರವಿಕಿರಣನ ಕಡೆ ಬೆರಳು ತೋರಿಸಿದ. ರವಿಕಿರಣ ಕಪಿಲನ ಕಡೆ ತೋರಿಸಿದ. ಬೆರಳು ಹಾಗೇ ಇರುವಾಗ ಇಬ್ಬರ ಬಾಯೂ ತೆರೆಯಿತು. ಆಮೇಲೆ ಎರಡೂ ಬೆರಳು ನಿಧಾನವಾಗಿ ತಿರುಗಿ ಮಚ್ಛೇಂದ್ರನ ಮೇಲೆ ನಿಂತವು. ಅವನು ಎರಡೂ ಮೂತಿಗಳನ್ನು ಒಮ್ಮೊಮ್ಮೆ ಸವರಿದ. ಎರಡೂ ಬಹಳ ಚಂದ ಆಗಿವೆ ಎಂದು ಹೇಳಲು ಹೊರಟು, ಅರ್ಧಕ್ಕೇ ನಿಲ್ಲಿಸಿದ. ಹೈದರಾಬಾದಿನ ಬಸ್ಸಿಳಿದು ನೇರವಾಗಿ ಅಲ್ಲಿಗೇ ಬಂದ ಮಹಾಮಾಯಾ ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದಳು. ಅವಳು ಎರಡು ಮೂತಿಗಳನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು.

"ಅಪ್ಪಾ," ಎಂದಳು, "ಇದು ಮನಿ ಅಲ್ಲ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಚೀಲ ಇಳಿಸಿ ತೋಳು ಮಡಚಿದಳು. ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿ, ಇಂಜಿನ್ ಇಲ್ಲದ ಭಾಲ್ಕಿ ಮೂತಿಯೇ ಮುಂದು, ಇಂಜಿನ್ ಇರುವ ಬೀದರದ ಮೂತಿ ಹಿಂದು ಎಂದು ತೀರ್ಮಾನ ಕೊಟ್ಟಳು. ಇಷ್ಟು ಸ್ಪಷ್ಟವಾದ ತೀರ್ಮಾನ ಆ ಮನೆತನದಲ್ಲಿ ಹುಟ್ಟಬಹುದೆಂದು ಯಾರೂ ನಿರೀಕ್ಷಿಸಿರಲಿಲ್ಲ. ಆರು ಬೋಲ್ಟುಗಳು ಬೆಣ್ಣೆಯಂತೆ ಒಳಗಿಳಿದವು. ಇಡೀ ಗಾಡಿಯಲ್ಲಿ ಯೋಜನೆಯಂತೆ ನಡೆದದ್ದು ಅದೊಂದೇ. ಅಬ್ದುಲ ಖಾದರ ಹಿಂದಿನ ಸೀಟಿನ ಮುಂದಿದ್ದ ಪೆಡಲುಗಳನ್ನು ಕಿತ್ತು, ಕೇಬಲ್ ಎಳೆದು, ಇಂಜಿನ್ನನ್ನು ಮಹಾಮಾಯಾಳ ಸೀಟಿನಿಂದ ನಡೆಯುವಂತೆ ಮಾಡಿದ. ಹಿಂದಿನ ಸ್ಟೇರಿಂಗ್ ಮಾತ್ರ ತಿರುಗುತ್ತಲೇ ಇತ್ತು, ಆದರೆ ಅದರ ಬುಡ ಆಕ್ಸಲ್ಲಿಗೆ ಗಟ್ಟಿಯಾಗಿ ಬೆಸೆದುಕೊಂಡಿತ್ತು. ಅದನ್ನು ಕಿತ್ತರೆ ಆಕ್ಸಲ್ಲೇ ಹೋದೀತೆಂದು ಬಿಟ್ಟ.

ಮಹಾಮಾಯಾ ಕೂತು ಗಾಡಿ ಶುರು ಮಾಡಿದಳು. ಮೊದಲನೇ ಗೇರ್ ಹಾಕಿ ಕ್ಲಚ್ ಬಿಟ್ಟಳು. ಎಲ್ಲರೂ ಮುಂದಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದರು. ಗಾಡಿ ಹಿಂದಕ್ಕೆ ಹಾರಿತು. ಗೋಡೆಗೆ ಆನಿಸಿಟ್ಟಿದ್ದ ಹತ್ತು ಕಿಟಕಿ ಜಾಲರಿಗಳನ್ನು ಕೆಡವಿ, ಅಂಗಡಿಯ ನಾಮಫಲಕದ ಕಂಬ ಬಗ್ಗಿಸಿ, ರಸ್ತೆಗೆ ಅರ್ಧ ಇಳಿದು ನಿಂತಿತು. ಮಚ್ಛೇಂದ್ರ ಚರಂಡಿ ದಾಟಿ ಆಚೆ ನಿಂತಿದ್ದ, ಯಾವಾಗ ಹಾರಿದನೋ ನೋಡಿದವರಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೀದರದ ಅರ್ಧ ಮುಂದಕ್ಕೆ ಓಡಲೆಂದೇ ಹುಟ್ಟಿದ್ದು. ಅದನ್ನು ತಿರುಗಿಸಿ ಹಿಂದೆ ಕೂಡಿಸಿದ ಮೇಲೂ ಅದು ತನ್ನ ಮುಂದಕ್ಕೇ ಓಡುತ್ತಿತ್ತು. ಅಂದರೆ ನಮ್ಮ ಜಿಲ್ಲೆಯ ಗಾಡಿಗೆ ಹಿಂದಕ್ಕೆ ಹೋಗಲು ನಾಲ್ಕು ಗೇರು, ಮುಂದಕ್ಕೆ ಹೋಗಲು ಒಂದು. ಆ ಒಂದು ರಿವರ್ಸ್ ಗೇರಿನ ವೇಗ ಎಮ್ಮೆಯ ವೇಗ. ಬದಲಿಸಲು ವಾರ ಬೇಕು ಎಂದು ಅಬ್ದುಲ ಖಾದರ ಜಾಲರಿ ಎತ್ತುತ್ತ ಹೇಳಿದ. ಮಹಾಮಾಯಾ ಗೇರಿನ ಕೋಲನ್ನು ಹಿಂದೆ ಮುಂದೆ ಎಳೆದು ನೋಡಿದಳು. ಕೊನೆಗೆ, ಗುಜರಿಗೆ ಹೋದ ಬಸ್ಸಿನ ದೊಡ್ಡ ಕನ್ನಡಿಗಳು ಎರಡು ಸಿಗುತ್ತವೆಯೇ ಎಂದು ಕೇಳಿದಳು. ತಲೆ ಕೆಟ್ಟಿದೆ ಪಾಪ ಎಂದು ನಾವು ತಂದುಕೊಟ್ಟೆವು.

ಭಾನುವಾರ ಬೆಳಿಗ್ಗೆ ನಮ್ಮ ಓಣಿಗೆ ಓಣಿಯೇ ಮೂರು ಟಂಟಂ ಆಟೋಗಳಲ್ಲಿ ತುಂಬಿಕೊಂಡು ಎಕಂಬಾ ಸೇರಿತು. ಗಾಡಿಗೆ ಎರಡು ಸ್ಟೇರಿಂಗ್ ಇವೆ ಎಂಬ ಸುದ್ದಿ ರಾತ್ರಿಯೊಳಗೆ ಹಬ್ಬಿ, ಎರಡನೆಯದು ಮಚ್ಛೇಂದ್ರನಿಗೇ ಎಂಬ ತೀರ್ಮಾನವೂ ಆಗಿತ್ತು. ಇಪ್ಪತ್ತು ವರ್ಷ ಜೀಪು ಹೊಡೆದವನು ಮಗಳನ್ನು ಒಬ್ಬಳೇ ಬಿಡುತ್ತಾನೆಯೇ? ಅವನು ಪಾಲು ಮಾಡಿಕೊಟ್ಟ ನಾಲ್ಕು ಮನೆಗಳ ಎಂಟು ಯಜಮಾನರೂ ಹಾರ ತಂದಿದ್ದರು. ಮಚ್ಛೇಂದ್ರ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಓಟದ ದಾರಿ ರವಿಕಿರಣನ ಸೋದರಮಾವ ದತ್ತಾತ್ರಿಯ ಬೀಳು ಹೊಲದಿಂದ ಶುರುವಾಗುತ್ತಿತ್ತು. ಬಿರುಕು ಬಿಟ್ಟ ಕರಿ ನೆಲ, ಒಡ್ಡುಗಳು, ಆಮೇಲೆ ಹಳ್ಳ, ಹಳ್ಳದಾಚೆ ಕಲ್ಲಿನ ಏರು, ಅಲ್ಲಿಂದ ಸುತ್ತಿ ಮತ್ತೆ ಅದೇ ಹೊಲಕ್ಕೆ. ದತ್ತಾತ್ರಿ ಕುರಿಗಳನ್ನು ಒಂದು ಬದಿಗೆ ಅಟ್ಟಿ, ಕೋಲಿಗೆ ಗಲ್ಲ ಆನಿಸಿ, ಗಾಡಿಯನ್ನು ಬಹಳ ಹೊತ್ತು ನೋಡಿ, ಇದು ಹುಟ್ಟಿದ್ದೇ ಹೀಗೋ ಎಂದು ಅಳಿಯನನ್ನು ಕೇಳಿದ.

ಗಾಡಿಗಳನ್ನು ಪರೀಕ್ಷಿಸಲು ಬಂದ ಅಧಿಕಾರಿಯ ಹೆಸರು ಜೇಬಾ. ಮೂವತ್ತರ ಒಳಗಿನ ಹೆಣ್ಣುಮಗಳು, ಕೈಯಲ್ಲಿ ನಿಯಮದ ಪುಸ್ತಕ, ಅಳತೆ ಟೇಪು, ಗಾಡಿಯ ಹಿಂದೆ ಮುಂದೆ ಅಂಟಿಸುವ ನಂಬರಿನ ಚೀಟಿಗಳು. ಮುಂದಿನ ಚೀಟಿ ಅಂಟಿಸಿ, ಹಿಂದಿನದನ್ನು ಅಂಟಿಸಲು ಸುತ್ತಿ ಬಂದಳು. ಅಲ್ಲಿಯೂ ಮುಂಭಾಗವೇ ಇತ್ತು. ಚೀಟಿ ಹಿಡಿದುಕೊಂಡೇ ಮತ್ತೆ ಮೊದಲಿನ ಕಡೆಗೆ ಹೋದಳು. ಮೂರನೇ ಸುತ್ತಿನಲ್ಲಿ ಚೀಟಿಯನ್ನು ತನ್ನ ಪುಸ್ತಕಕ್ಕೇ ಅಂಟಿಸಿಕೊಂಡು, ಇದನ್ನು ಯಾರು ಯೋಚಿಸಿದವರು ಎಂದು ಕೇಳಿದಳು. ಇಡೀ ತಂಡ ಹೊಲದ ಬಿರುಕುಗಳನ್ನು ಎಣಿಸತೊಡಗಿತು.

ಪುಸ್ತಕದಲ್ಲಿ ಎರಡು ಮೂತಿ ಬೇಡವೆಂದು ಎಲ್ಲೂ ಬರೆದಿರಲಿಲ್ಲ, ಬರೆಯಬೇಕಾದೀತೆಂದು ಯಾರಿಗೆ ಹೊಳೆದೀತು? ಆದರೆ ತನ್ನಷ್ಟಕ್ಕೆ ತಿರುಗುವ ಇನ್ನೊಂದು ಸ್ಟೇರಿಂಗನ್ನು ಬಿಡಲಾಗದು, ಅದು ಅಲುಗಬಾರದು ಎಂದಳು. ದತ್ತಾತ್ರಿ ಕುರಿ ಕಟ್ಟುವ ಹಗ್ಗ ತಂದು ಬಿಗಿದ. ಜೇಬಾ ಒಮ್ಮೆ ಜಗ್ಗಿದಳು, ಹಗ್ಗ ಕಿತ್ತುಹೋಯಿತು. ಬೆಸೆಯೋಣವೆಂದರೆ ಹೊಲದಲ್ಲಿ ಕರೆಂಟಿಲ್ಲ. ಓಟಕ್ಕೆ ಕಾಲು ತಾಸು ಉಳಿದಿತ್ತು. ಮಹಾಮಾಯಾ ಹೆಲ್ಮೆಟ್ಟನ್ನು ಎದೆಗವಚಿಕೊಂಡು ನಿಂತಿದ್ದಳು. ಆಗ ಇಷ್ಟು ದಿನ ಒಂದು ಮಾತೂ ಆಡದಿದ್ದ ಕೌಸಲ್ಯಾಬಾಯಿ ಜನರ ನಡುವಿನಿಂದ ಮುಂದೆ ಬಂದಳು.

"ಇವರು ಹಿಡ್ಕೊಂಡು ಕೂಡ್ತಾರ್ರಿ ಮೇಡಂ," ಎಂದು ಗಂಡನನ್ನು ತೋರಿಸಿದಳು. "ಅಲುಗಲ್ಲ. ನಲವತ್ತು ವರ್ಷದಿಂದ ಎತ್ತಾಗೂ ಅಲುಗಿಲ್ಲ."

ಮಚ್ಛೇಂದ್ರನ ಮುಖದ ಬಣ್ಣ ಹೋಯಿತು. ಓಣಿಯವರು ಚಪ್ಪಾಳೆ ತಟ್ಟಿದರು. ಜೇಬಾ ಪುಸ್ತಕ ತಿರುವಿ, ಕುಳಿತವರನ್ನು ಏನೆಂದು ನಮೂದಿಸಬೇಕೋ ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟು, ಓಟ ಮುಗಿದ ಮೇಲೆ ನೋಡೋಣ ಎಂದಳು. ಎಂಟು ಯಜಮಾನರು ಎತ್ತಿ ಕೂರಿಸಿ, ಪಟ್ಟಿ ಬಿಗಿದು, ಹೆಲ್ಮೆಟ್ ಒತ್ತಿದರು. ಅದು ಕಿವಿಯ ಮೇಲೇ ನಿಂತಿತು. ಅಪ್ಪ ಮಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತರು.

ಬಾವುಟ ಬಿತ್ತು. ಏಳು ಗಾಡಿಗಳಲ್ಲಿ ಆರು ಧೂಳಿನಲ್ಲಿ ಮಾಯವಾದವು. ನಂಬರಿನ ಚೀಟಿ ಅಂಟಿದ ಮೂತಿಯನ್ನೇ ಮುಂದಿಟ್ಟು ಹೊರಡಬೇಕಿದ್ದರಿಂದ ನಮ್ಮದು ಆ ಒಂದು ರಿವರ್ಸ್ ಗೇರಿನಲ್ಲಿ ಹೊರಟಿತು, ಅಷ್ಟೇ ಹೇಳಬಹುದು. ದತ್ತಾತ್ರಿಯ ಒಂದು ಟಗರು ಕುತೂಹಲದಿಂದ ಸ್ವಲ್ಪ ದೂರ ಪಕ್ಕದಲ್ಲೇ ನಡೆದು, ಬೇಸರ ಬಂದು ಮುಂದೆ ಹೋಯಿತು. ಈ ವೇಗದಲ್ಲಿ ಮುಗಿಸಲು ಎರಡೂವರೆ ತಾಸು ಬೇಕೆಂದು ಕಪಿಲ ಲೆಕ್ಕ ಹಾಕಿದ. ಕೌಸಲ್ಯಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊಲದ ಕೊನೆಯಲ್ಲಿ ಗಾಡಿ ಅಗಲವಾಗಿ ಒಂದು ಸುತ್ತು ಹಾಕತೊಡಗಿತು. ಸೋತು ವಾಪಸು ಬರುತ್ತಿದ್ದಾಳೆ ಎಂದುಕೊಂಡೆವು. ಅರ್ಧ ಸುತ್ತಿನಲ್ಲಿ, ಇಂಜಿನ್ನಿನ ಮೂತಿ ಹಳ್ಳದ ಕಡೆ ತಿರುಗಿದಾಗ, ಅವಳು ನಿಲ್ಲಿಸಿ ಮೊದಲನೇ ಗೇರ್ ಹಾಕಿದಳು. ಬಸ್ಸಿನ ಕನ್ನಡಿಗಳು ಯಾಕೆ ಎಂಬುದು ಆಗ ನಮಗೆ ತಿಳಿಯಿತು. ಮಹಾಮಾಯಾ ನಮ್ಮ ಕಡೆ ಮುಖ ಮಾಡಿ ಕೂತು, ಎರಡು ಕನ್ನಡಿಗಳಲ್ಲಿ ದಾರಿ ನೋಡುತ್ತ, ಹಿಂದಾದ ತನ್ನ ಗಾಲಿಗಳನ್ನು ತಿರುಗಿಸಿ ಗಾಡಿಯನ್ನು ನಡೆಸುತ್ತಿದ್ದಳು. ಎರಡನೇ ಗೇರ್, ಮೂರನೇ ಗೇರ್. ಅಲ್ಲಿಯವರೆಗೆ ಬಿಟ್ಟು ಬಂದ ದಾರಿಯನ್ನು ನೆಮ್ಮದಿಯಿಂದ ನೋಡುತ್ತಿದ್ದ ಮಚ್ಛೇಂದ್ರನ ಮುಖಕ್ಕೆ ಈಗ ಇಡೀ ಔರಾದ ತಾಲೂಕು ಎದುರಾಗಿ ನುಗ್ಗಿ ಬರುತ್ತಿತ್ತು.

ಒಡ್ಡಿನ ಮೇಲೆ ನಿಂತ ನಮಗೆ ಕಂಡದ್ದು ಇಷ್ಟು: ಗಾಡಿಯ ತುದಿಯಲ್ಲಿ ಹೆಲ್ಮೆಟ್ ಏರಿಸಿಕೊಂಡು, ಸ್ಟೇರಿಂಗನ್ನು ಕಚ್ಚಿ ಹಿಡಿದು, ಮಚ್ಛೇಂದ್ರ ಒಡ್ಡಿನಿಂದ ಒಡ್ಡಿಗೆ ಹಾರುತ್ತಿದ್ದಾನೆ. ಓಣಿಯವರು ಹುಚ್ಚೆದ್ದು ಕುಣಿದರು. ಹಳ್ಳದಲ್ಲಿ ನಾಲ್ಕು ಗಾಡಿಗಳು ಅಚ್ಚಿನವರೆಗೆ ಹೂತು ನಿಂತಿದ್ದವು. ನಮ್ಮದರ ಗಟ್ಟಿ ಆಕ್ಸಲ್ ಕೆಸರನ್ನು ಅಗೆದು ದಡಕ್ಕೆ ಕೈ ಹಾಕಿತು, ನೋಡ್ರಿ ನನ್ನ ಆಕ್ಸಲ್ ಎಂದು ರವಿಕಿರಣ ಕೂಗಿದ. ಹಿಂದಿನ ಗಾಲಿಗಳು ಒಂದೊಂದೇ ಕಲ್ಲನ್ನು ಒಂದೊಂದಾಗಿ ದಾಟಿ ಹಿಂಬಾಲಿಸಿದವು, ನೋಡ್ರಿ ನನ್ನ ಸಸ್ಪೆನ್ಷನ್ ಎಂದು ಕಪಿಲ ಕೂಗಿದ. ಜೇಬಾ ಟೇಪು ಕೈಯಿಂದ ಜಾರಿದ್ದು ಗೊತ್ತಾಗದೆ ಬಾಯಿ ತೆರೆದು ನಿಂತಿದ್ದಳು. ಮೂವತ್ತೆಂಟನೇ ನಿಮಿಷದಲ್ಲಿ ಗಾಡಿ ಗೆರೆ ದಾಟಿತು.

ಜನ ಓಡಿ ಹೋಗಿ ಮಚ್ಛೇಂದ್ರನನ್ನು ಇಳಿಸಿದರು. ಎಂಟೂ ಹಾರಗಳು ಅವನ ಕೊರಳಿಗೇ ಬಿದ್ದವು. ಅವನ ಕಾಲು ನೆಲಕ್ಕೆ ತಾಗಿದ ಸ್ವಲ್ಪ ಹೊತ್ತಿಗೆ ಮುಖದಲ್ಲಿ ರಕ್ತ ಬಂತು, ಇನ್ನೂ ಸ್ವಲ್ಪ ಹೊತ್ತಿಗೆ ಮೀಸೆಯ ಕಡೆ ಕೈಯೂ ಹೋಯಿತು. ಮಹಾಮಾಯಾ ಗಾಡಿಯ ಇನ್ನೊಂದು ತುದಿಯಲ್ಲಿ ಒಬ್ಬಳೇ ಪಟ್ಟಿ ಬಿಚ್ಚಿಕೊಳ್ಳುತ್ತಿದ್ದಳು. ನನಗೆ ಅದು ಸೇರಲಿಲ್ಲ.

ಜೇಬಾ ಪುಸ್ತಕ ಹಿಡಿದು ಬಂದಳು. ಖಾಲಿ ಬಿಟ್ಟ ಸಾಲನ್ನು ಈಗ ತುಂಬಬೇಕಿತ್ತು. ಚಾಲಕರು ಯಾರೆಂಬ ಅನುಮಾನ ಬಂದರೆ, ಗಾಡಿ ಓಡುವ ದಿಕ್ಕಿಗೆ ಮುಖ ಮಾಡಿ ಸ್ಟೇರಿಂಗ್ ಹಿಡಿದವರೇ ಚಾಲಕರು ಎಂದು ನಿಯಮವಿದೆ, ಹಾಗಾಗಿ ಚಾಲಕರು ಈ ಹಿರಿಯರೇ ಎಂದಾಗುತ್ತದೆ, ಲೈಸನ್ಸ್ ತೋರಿಸಿ ಎಂದಳು. ತೋರಿಸು ತೋರಿಸು ಎಂದು ಓಣಿಯವರು ಹೆಮ್ಮೆಯಿಂದ ಅವನ ಬೆನ್ನು ತಟ್ಟಿದರು. ಮಹಾಮಾಯಾಳ ಕೈ ಪಟ್ಟಿಯ ಮೇಲೇ ನಿಂತಿತು. ಅಪ್ಪ ಚಾಲಕನಾದರೆ ಚೀಟಿ ಅವಳದಲ್ಲ, ಮತ್ತು ಲೈಸನ್ಸ್ ಇಲ್ಲವಾದ್ದರಿಂದ ಗಾಡಿಯೇ ಹೊರಗೆ. ಅವರು ಚಾಲಕರಲ್ಲದಿದ್ದರೆ ಎಂದು ಕಪಿಲ ತೊದಲಿದ. ಚಾಲಕರಲ್ಲದಿದ್ದರೆ ಪ್ರಯಾಣಿಕರು, ಪ್ರಯಾಣಿಕರಿಗೆ ಅವಕಾಶವಿಲ್ಲ, ಆಗಲೂ ಗಾಡಿ ಹೊರಗೆ ಎಂದಳು ಜೇಬಾ. ಪುಟ ತಿರುವಿ, ಚಾಲಕರನ್ನು ಬಿಟ್ಟರೆ ಗಾಡಿಯಲ್ಲಿ ಇರಬಹುದಾದದ್ದು ತೂಕಕ್ಕಾಗಿ ಇಟ್ಟ ಸಾಮಾನು ಮಾತ್ರ ಎಂದು ಓದಿದಳು.

ಮಚ್ಛೇಂದ್ರ ಹಳೆಯ ದಾರಿಯನ್ನೇ ಹಿಡಿದ. ಬಹಳ ಮೃದುವಾಗಿ ಜೇಬಾಳನ್ನು ಸ್ವಲ್ಪ ಆ ಕಡೆ ಬರ್ರಿ ಎಂದು ಕರೆದ. ಬದಿಗೆ ಬರುವ ನಿಯಮವಿಲ್ಲ, ಇಲ್ಲೇ, ಎಲ್ಲರೆದುರೇ ಹೇಳಿ ಎಂದಳು ಅವಳು. ಅವನು ಎಂಟು ಯಜಮಾನರನ್ನು ನೋಡಿದ. ಹಾರಗಳನ್ನು ನೋಡಿಕೊಂಡ. ಆಮೇಲೆ ಮಗಳನ್ನು ನೋಡಿದ. ಅವಳ ಮುಖದಲ್ಲಿ ಧೂಳು ಮೆತ್ತಿಕೊಂಡಿತ್ತು, ಆ ಧೂಳಿನಲ್ಲಿ ಕಣ್ಣೀರಿನ ಎರಡು ಗೆರೆ ಇಳಿದಿದ್ದವು.

"ಮೇಡಂರಿ," ಎಂದ ಮಚ್ಛೇಂದ್ರ, ಎಲ್ಲರಿಗೂ ಕೇಳುವಂತೆ, "ನನಗ ಗಾಡಿ ಹೊಡಿಲಾಕ ಬರಲ್ರಿ. ಲೈಸನ್ಸ್ ಇಲ್ಲ. ಜೀಪಿನಾಗ ಹಿಂದ ಫೈಲು ಹಿಡ್ಕೊಂಡು ಕೂಡ್ತಿದ್ದೆ. ಇವತ್ತ ಆಕಿ ಗಾಡಿ ತಿರುವಿದಾಗ ಕಣ್ಣು ಮುಚ್ಚಿದವ, ಇಲ್ಲಿ ಬಂದು ತೆರದೀನಿ. ಹೊಡೆದದ್ದೆಲ್ಲ ಆಕಿನೇ."

ಓಣಿಯವರಿಗೆ ಗರ ಬಡಿಯಿತು. ಇಪ್ಪತ್ತು ವರ್ಷದ ಜೀಪು ಕಣ್ಣೆದುರೇ ಬಿದ್ದುಹೋದದ್ದಕ್ಕಿಂತ, ಮಚ್ಛೇಂದ್ರ ಒಂದೇ ಮಾತನ್ನು ಎಲ್ಲರಿಗೂ ಒಟ್ಟಿಗೆ ಹೇಳಿದ್ದು ಅವರನ್ನು ಹೆಚ್ಚು ಅಲುಗಿಸಿತು. ಎಂಟು ಯಜಮಾನರಲ್ಲಿ ಇಬ್ಬಿಬ್ಬರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿದರು. ಆದರೆ ಎಲ್ಲರಿಗಿಂತ ಬೆಚ್ಚಿದವಳು ಮಹಾಮಾಯಾ. ಕಣ್ಣು ಮುಚ್ಚಿದ್ರಿ ಎಂದು ಅವಳು ಮೂರು ಸಲ ಕೇಳಿದಳು. ದಾರಿಯುದ್ದಕ್ಕೂ ಅಪ್ಪ ಎದುರು ನೋಡುತ್ತಿದ್ದಾನೆ, ಅಪಾಯವಿದ್ದರೆ ಕೂಗುತ್ತಾನೆ ಎಂಬ ಧೈರ್ಯದ ಮೇಲೆ ಅವಳು ನಾಲ್ಕನೇ ಗೇರ್ ಹಾಕಿದ್ದಳು.

ಹಾಗಾದರೆ ನಿಮ್ಮನ್ನು ಏನೆಂದು ಬರೆಯಲಿ ಎಂದು ಜೇಬಾ ಕೇಳಿದಳು. ಮಚ್ಛೇಂದ್ರ ಹಾರಗಳನ್ನು ಒಂದೊಂದಾಗಿ ತೆಗೆದು ಮಗಳ ಸೀಟಿನ ಮೇಲೆ ಇಟ್ಟ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ಮೂವತ್ತು ವರ್ಷದಲ್ಲಿ ನನಗೆ ಅವನ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

"ಸಾಮಾನು ಅಂತ ಬರೀರಿ."

ತೂಕ ಎಷ್ಟು ಎಂದಳು ಜೇಬಾ. ಎಪ್ಪತ್ತು ಎಂದ ಮಚ್ಛೇಂದ್ರ. ಹಿಂದಿನಿಂದ ಕೌಸಲ್ಯಾಬಾಯಿ ಎಂಬತ್ತಮೂರು ಎಂದಳು. ಜೇಬಾ ಎಂಬತ್ತಮೂರು ಎಂದೇ ಬರೆದು, ಚಾಲಕರ ಸಾಲಿನಲ್ಲಿ ಮಹಾಮಾಯಾಳ ಹೆಸರು ತುಂಬಿ, ಚೀಟಿ ಹರಿದು ಅವಳ ಕೈಗೆ ಕೊಟ್ಟಳು. ಚಾಲಕಿಯ ಸಹಿ ತೆಗೆದುಕೊಂಡು ಪುಸ್ತಕ ಮುಚ್ಚಲು ಹೊರಟಳು. ಸಾಮಾನಿನ ಸಾಲಿಗೆ ಸಹಿ ಬೇಕಾಗಿರಲಿಲ್ಲ. ಮಚ್ಛೇಂದ್ರ ಪೆನ್ನು ಇಸಿದುಕೊಂಡು ಅಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದ.